ಒಲೆಗೆ ಉಣಿಸುವವರ ಕಥೆ: ಕೋಡೊಲೆ, ಶೆಗಡಿ, ಬಂಬ್ ಮತ್ತು ಅಸ್ತ್ರ ಒಲೆ

2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ಒಂದು ಆದೇಶ ಕೊಟ್ಟಿತು. ಮುಂಬಯಿಯ ಗಾಳಿ ಕೆಟ್ಟಿದ್ದರ ಬಗ್ಗೆ ನಡೆಯುತ್ತಿದ್ದ ಪ್ರಕರಣ ಅದು. ಸೌದೆ, ಇದ್ದಿಲು ಉರಿಸುವ ಬೇಕರಿಗಳು, ತಂದೂರು ಹೋಟೆಲುಗಳು ಆರು ತಿಂಗಳೊಳಗೆ ಗ್ಯಾಸಿಗೋ ಕರೆಂಟಿಗೋ ಬದಲಾಗಬೇಕು ಅಂತ. ಮಹಾನಗರಪಾಲಿಕೆ ನೋಟೀಸು ಕಳಿಸಿತು, ಜುಲೈ 8ರ ಗಡುವು ಹಾಕಿತು. ಪತ್ರಿಕೆಗಳಲ್ಲಿ ಪಾವಿನದೇ ಸುದ್ದಿ. ಸೌದೆ ಭಟ್ಟಿ ಹೋದರೆ ಪಾವಿನ ರುಚಿ ಹೋಗುತ್ತದೆ ಅಂತ ಒಂದು ಕಡೆಯವರು, ಆ ಹೊಗೆ ನಮ್ಮ ಮಕ್ಕಳ ಪುಪ್ಪುಸಕ್ಕೆ ಹೋಗುತ್ತಿದೆ ಅಂತ ಇನ್ನೊಂದು ಕಡೆಯವರು. ಇಬ್ಬರದೂ ನಿಜವೇ ಅನ್ನಿ. ಈ ಭಟ್ಟಿಗಳಲ್ಲಿ ಉರಿಯುತ್ತಿದ್ದುದರಲ್ಲಿ ಕೆಡವಿದ ಹಳೇ ಕಟ್ಟಡಗಳ ಬಾಗಿಲು, ಕಿಟಕಿ, ಮುರಿದ ಫರ್ನಿಚರುಗಳ ಪಾಲು ದೊಡ್ಡದು. ಬಣ್ಣ, ವಾರ್ನಿಶ್ ಬಳಿದ ಮರ. ಅದರ ಹೊಗೆಗೆ ವಕಾಲತ್ತು ಹಾಕುವುದು ಕಷ್ಟ.

ನನಗೆ ಈ ಗದ್ದಲದಲ್ಲಿ ನೆನಪಾದದ್ದು ಭಟ್ಟಿಯಲ್ಲ, ಮನೆಯ ಒಲೆ. ಮುಂಬಯಿಯಲ್ಲಿ ಮನೆಮನೆಯಲ್ಲಿ ಉರಿದ ಬೆಂಕಿಯ ಚರಿತ್ರೆಯನ್ನು ಯಾರೂ ಸರಿಯಾಗಿ ಬರೆದಿಲ್ಲ ಅನ್ನಿಸುತ್ತದೆ. ಗಿರಣಿಗಳ ಚರಿತ್ರೆ ಇದೆ, ರೈಲಿನದು ಇದೆ, ಉಡುಪಿ ಹೋಟೆಲುಗಳದೂ ಅಷ್ಟಿಷ್ಟು ಇದೆ. ಒಲೆಯ ಬಗ್ಗೆ ಬರೆದವರು ಕೂಡ ಒಲೆಯ ಆಕಾರದ ಬಗ್ಗೆ ಬರೆಯುತ್ತಾರೆ. ಅದಕ್ಕೆ ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಪ್ಪದ ಸೌದೆಯನ್ನು, ಯಾರು ಹಾಕುತ್ತಿದ್ದರು ಅನ್ನುವುದನ್ನು ಬಿಟ್ಟುಬಿಡುತ್ತಾರೆ. ಸೌದೆಯ ಉಳಿತಾಯ ಆಗುತ್ತಿದ್ದುದು ಬಹುಪಾಲು ಅಲ್ಲಿಯೇ.

ಉತ್ತರ ಕನ್ನಡದ ನಮ್ಮ ಕಡೆಯ ಮನೆಗಳಲ್ಲಿ ಇದ್ದದ್ದು ಮಣ್ಣಿನ ಕೋಡೊಲೆ. ಮುಂದೆ ಬಾಯಿ, ಅದರ ಮೇಲೆ ದೊಡ್ಡ ಪಾತ್ರೆ; ಉರಿಯ ಬಾಲ ಹಿಂದಕ್ಕೋ ಪಕ್ಕಕ್ಕೋ ಹೋಗಿ ಇನ್ನೊಂದು ಪಾತ್ರೆಯನ್ನು ಬಿಸಿ ಮಾಡುತ್ತದೆ. ಆ ಎರಡನೆಯದೇ ಕೋಡು. ಅನ್ನ ಮುಂದೆ ಬೆಂದರೆ ಸಾರು ಹಿಂದೆ ಕುದಿಯುತ್ತಿತ್ತು. ಮೇಲೆ ಹೊಗೆ ಅಟ್ಟ, ಅದರಲ್ಲಿ ನಾಳೆಯ ಸೌದೆ ಒಣಗುತ್ತಿತ್ತು. ಮಳೆಗಾಲಕ್ಕೆ ಮೊದಲೇ ವರ್ಷದ ಕಟ್ಟಿಗೆ ಸೀಳಿ, ಒಣಗಿಸಿ, ಕೊಟ್ಟಿಗೆಯಲ್ಲಿ ಒಟ್ಟಿಡಬೇಕು. ಯಾಕೆಂದರೆ ಹಸಿ ಮರದ ತೂಕದಲ್ಲಿ ಅರ್ಧದಷ್ಟು ಬರೀ ನೀರೇ ಇರುತ್ತದೆ. ಆ ನೀರನ್ನು ಆವಿ ಮಾಡಿ ಓಡಿಸದೆ ಮರ ಉರಿಯುವುದಿಲ್ಲ. ಹಸಿ ಸೌದೆ ಹಾಕಿದವರು ಮೊದಲು ಸೌದೆಯನ್ನು ಬೇಯಿಸಿ ಆಮೇಲೆ ಅಕ್ಕಿ ಬೇಯಿಸುತ್ತಾರೆ, ಅಷ್ಟೇ.

ಉರಿ ಮಾಡುವುದಕ್ಕೂ ಒಂದು ಕ್ರಮವಿತ್ತು. ಮೊದಲು ದರಕು, ಆಮೇಲೆ ಪುರಲೆ, ತೆಂಗಿನ ಮಡಲು, ಆಮೇಲೆ ಹೆಬ್ಬೆರಳು ದಪ್ಪದ ಸೀಳುಗಳು. ದೊಡ್ಡ ಕುಂಟೆ ಬಚ್ಚಲೊಲೆಗೆ ಮಾತ್ರ. ಅಡುಗೆ ಒಲೆಗೆ ಮೂರೋ ನಾಲ್ಕೋ ಸೀಳು, ತುದಿಗಳು ಮಾತ್ರ ಒಂದಕ್ಕೊಂದು ತಾಗುವ ಹಾಗೆ. ತುದಿ ಉರಿದ ಹಾಗೆ ಸೀಳನ್ನು ಬೆರಳಷ್ಟು ಬೆರಳಷ್ಟೇ ಮುಂದೂಡುವುದು. ಕುದಿ ಬಂತೋ, ಎರಡು ಕೊಳ್ಳಿ ಹೊರಗೆಳೆದು ಬೂದಿಯಲ್ಲಿ ಒತ್ತಿಬಿಡುವುದು. ಉಳಿದದ್ದು ಕೆಂಡದ ಮೇಲೆ ಮುಚ್ಚಳ ಮುಚ್ಚಿ ಬೇಯಬೇಕು. ಕುದಿಯುವ ನೀರಿನ ಕೆಳಗೆ ಎಷ್ಟು ಉರಿ ಹಾಕಿದರೂ ನೀರು ಅದಕ್ಕಿಂತ ಬಿಸಿಯಾಗುವುದಿಲ್ಲ, ಬೇಗ ಆವಿಯಾಗುತ್ತದೆ ಅಷ್ಟೇ ಅಂತ ಶಾಲೆಯಲ್ಲಿ ನಮಗೆ ಹೇಳಿಕೊಟ್ಟರು. ಒಲೆಯ ಮುಂದೆ ಕೂತವರಿಗೆ ಅದು ಶಾಲೆಗೆ ಹೋಗದೆಯೇ ಗೊತ್ತಿತ್ತು.

ಇದರ ಹಿಂದಿನ ಲೆಕ್ಕ ಹೀಗೆ. ಕಾಯಿಸಿದಾಗ ಮರದ ತೂಕದ ಹೆಚ್ಚು ಕಡಿಮೆ ಮುಕ್ಕಾಲು ಭಾಗ ಅನಿಲವಾಗಿ ಹೊರಬರುತ್ತದೆ. ನಮಗೆ ಕಾಣುವ ಜ್ವಾಲೆ ಆ ಅನಿಲ ಉರಿಯುವುದು. ಉಳಿದ ಪಾಲು ಕೆಂಡ. ಒಮ್ಮೆಗೇ ಒಲೆ ತುಂಬ ಸೌದೆ ತುರುಕಿದರೆ ಅನಿಲ ಧಾರಾಳವಾಗಿ ಹೊರಡುತ್ತದೆ, ಆದರೆ ಅದನ್ನು ಉರಿಸುವಷ್ಟು ಗಾಳಿಯೂ ಇಲ್ಲ, ಬಿಸಿಯೂ ಇಲ್ಲ. ಆಗ ಅದು ಹೊಗೆಯಾಗಿ ಹೋಗುತ್ತದೆ. ಅಂದರೆ ಹೊಗೆ ಅನ್ನುವುದು ಉರಿಯದೆ ತಪ್ಪಿಸಿಕೊಂಡ ಸೌದೆ. ಸಣ್ಣ ಸೀಳು, ಸ್ವಲ್ಪ ಸ್ವಲ್ಪ, ಮತ್ತೆ ಮತ್ತೆ ಹಾಕಿದರೆ ಅನಿಲವೂ ಹದವಾಗಿ ಬರುತ್ತದೆ, ಅಲ್ಲೇ ಉರಿಯುತ್ತದೆ. ಅಜಾಗ್ರತೆಯ ಮೂರು ಕಲ್ಲಿನ ಒಲೆಯಲ್ಲಿ ಸೌದೆಯ ಶಾಖದ ನೂರಕ್ಕೆ ಹತ್ತರಷ್ಟು ಮಾತ್ರ ಪಾತ್ರೆಗೆ ಸೇರುತ್ತದೆ ಅನ್ನುತ್ತಾರೆ. ಎಚ್ಚರದಿಂದ ಉಣಿಸಿದರೆ ಅದೇ ಒಲೆ ಅದರ ಒಂದೂವರೆ, ಎರಡು ಪಟ್ಟು ಕೊಡುತ್ತದೆ. ಕಲ್ಲು ಅದೇ, ಸೌದೆ ಅದೇ.

ಆದರೆ ಈ ಜಾಣತನಕ್ಕೆ ಬೆಲೆ ಇತ್ತು. ಮತ್ತೆ ಮತ್ತೆ ಹಾಕಬೇಕು ಅಂದರೆ ಒಬ್ಬರು ಒಲೆಯ ಮುಂದೆ ಕೂತೇ ಇರಬೇಕು, ಊದುಕೊಳವೆ ಹಿಡಿದು, ಕಣ್ಣಲ್ಲಿ ನೀರು ಸುರಿಸುತ್ತ. ಆ ಒಬ್ಬರು ಯಾರು ಅಂತ ಹೇಳಬೇಕಾಗಿಲ್ಲ.

ಇನ್ನು ಮುಂಬಯಿಗೆ ಬರೋಣ. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿದ್ದು ನಿಮಗೆ ಗೊತ್ತಿರಬಹುದು. ನಮ್ಮ ಮರವೂ, ನಮ್ಮ ಜನರೂ ಒಂದೇ ಸಮುದ್ರದ ದಾರಿಯಲ್ಲಿ ಇಲ್ಲಿಗೆ ಬಂದರು. ಬಂದವರಿಗೆ ಸಿಕ್ಕಿದ್ದು ಚಾಳಿನ ಒಂದು ಖೋಲಿ. ಮರದ ಅಟ್ಟಣಿಗೆಯ ನೆಲ, ಮೂಲೆಯಲ್ಲಿ ಮೋರಿ, ಹೊರಗೆ ಸಾಮೂಹಿಕ ಗ್ಯಾಲರಿ. ಮೂರನೇ ಮಾಳಿಗೆಯ ಮರದ ನೆಲದ ಮೇಲೆ ಕೋಡೊಲೆ ಹೂಡುವುದು ಹೇಗೆ? ಸೌದೆ ಒಟ್ಟುವುದೆಲ್ಲಿ? ಹೊಗೆ ಬಿಡುವುದೆಲ್ಲಿ? ಹಾಗಾಗಿ ಸೌದೆ ಬಿಟ್ಟು ಇದ್ದಿಲು, ಒಲೆ ಬಿಟ್ಟು ಶೆಗಡಿ. 1860ರ ದಶಕದಲ್ಲೇ ಬಾಂಬೆ ಗ್ಯಾಸ್ ಕಂಪನಿಯ ಕಲ್ಲಿದ್ದಲು ಅನಿಲದಿಂದ ಈ ಊರಿನ ಬೀದಿ ದೀಪಗಳು ಉರಿಯತೊಡಗಿದ್ದವು. ಆದರೆ ಆ ಅನಿಲ ಬಡವರ ಅಡುಗೆಮನೆಗೆ ಬರಲಿಲ್ಲ. ಗಲ್ಲಿಗೊಂದು ಕೋಳ್ಸಾದ ವಖಾರ ಇತ್ತು, ಅಲ್ಲಿಂದ ಡಬ್ಬದಲ್ಲೋ ಗೋಣಿಯಲ್ಲೋ ಇದ್ದಿಲು ತರುವುದು.

ಶೆಗಡಿಗೆ ಹೊಗೆ ಇಲ್ಲ ಅಂತ ನಾವೆಲ್ಲ ಹೊಗಳುತ್ತಿದ್ದೆವು. ಹೊಗೆ ಎಲ್ಲಿ ಹೋಯಿತು? ಅದು ಠಾಣೆ, ಕುಲಾಬಾ ಜಿಲ್ಲೆಯ ಕಾಡಿನಲ್ಲಿಯೇ ಉಳಿದುಕೊಂಡಿತ್ತು. ಅಲ್ಲಿ ಕಾತಕರಿ ಆದಿವಾಸಿಗಳು ಗುತ್ತಿಗೆದಾರರ ಕೈಕೆಳಗೆ, ತೀರದ ಮುಂಗಡ ಸಾಲಕ್ಕೆ ಸಿಕ್ಕಿಕೊಂಡು, ಮರ ಕಡಿದು ಮಣ್ಣು ಮುಚ್ಚಿ ಸುಟ್ಟು ಇದ್ದಿಲು ಮಾಡುತ್ತಿದ್ದರು. ಅಂಥ ಮಣ್ಣಿನ ಗೂಡಿನಲ್ಲಿ ಒಂದು ಕಿಲೋ ಇದ್ದಿಲಿಗೆ ಐದಾರು ಕಿಲೋ ಮರ ಬೇಕು. ಮರದ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಲೇ ಹೊಗೆಯಾಗಿ ಹೋದ ಮೇಲೆ, ಉಳಿದದ್ದು ಗೋಣಿಯಲ್ಲಿ ನಮ್ಮ ಗಲ್ಲಿಗೆ ಬರುತ್ತಿತ್ತು. ನಗರದ ಅಡುಗೆಮನೆ ಚೊಕ್ಕಟವಾಗಿದ್ದರ ಗುಟ್ಟು ಇದು.

ನಾನು ಗಿರಗಾಂವದ ಚಾಳಿಗೆ ಬಂದು ಬಿದ್ದದ್ದು ಎಪ್ಪತ್ತರ ದಶಕದ ಮೊದಲಲ್ಲಿ. ಆಗ ಬೆಳಗಿನ ಐದೂವರೆಗೆ ಗ್ಯಾಲರಿಯುದ್ದಕ್ಕೂ ಶೆಗಡಿಗಳ ಸಾಲು. ಕೆಳಗೆ ಬಡಗಿ ಅಂಗಡಿಯ ಸಿಪ್ಪೆ, ಮೇಲೆ ಬೆರಳ ಗಾತ್ರದ ಇದ್ದಿಲು, ಒಂದು ಚಮಚ ರಾಕೇಲ್, ಕಡ್ಡಿ ಗೀರಿ ಬೀಸಣಿಗೆ. ಹೊತ್ತಿಕೊಳ್ಳುವಾಗ ವಾಸನೆ, ಕಿಡಿ ಎಲ್ಲ ಹೊರಗೇ ಮುಗಿಯಬೇಕು. ಇದ್ದಿಲು ಪೂರ್ತಿ ಕೆಂಪಾದ ಮೇಲೆಯೇ ಒಳಗೆ. ಬಾಗಿಲು ಮುಚ್ಚಿಕೊಂಡು ಶೆಗಡಿ ಇಟ್ಟು ಮಲಗಬಾರದು ಅಂತ ಮುದುಕಿಯರು ಗದರುತ್ತಿದ್ದರು. ಬಣ್ಣವಿಲ್ಲದ, ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡು ಕೊಲ್ಲುತ್ತದೆ ಅಂತ ಅವರಿಗೆ ಹೆಸರು ಗೊತ್ತಿರದಿದ್ದರೂ ಸಂಗತಿ ಗೊತ್ತಿತ್ತು. ಇದ್ದಿಲು ಮತ್ತೆ ಹಾಕುವುದರಲ್ಲೂ ಹದವಿದೆ. ಕೆಂಡ ಪೂರಾ ಇಳಿಯಲು ಬಿಟ್ಟರೆ ಮತ್ತೆ ಹೊತ್ತಿಸುವ ಕಷ್ಟ, ಬಹಳ ಹಾಕಿದರೆ ಬೇಳೆ ಬೆಂದ ಮೇಲೂ ಉರಿಯುತ್ತಲೇ ಇರುತ್ತದೆ. ಅದಕ್ಕೆ ಕೆಂಡ ಇನ್ನೂ ಕೆಂಪಗಿರುವಾಗಲೇ ನಾಲ್ಕೈದು ತುಂಡು ಅಂಚಿಗೆ. ನಿಧಾನ ಮಾಡಬೇಕಾದರೆ ಕೆಳಗಿನ ಕಿಂಡಿ ಅರ್ಧ ಮುಚ್ಚಿ, ಮೇಲೊಂದಿಷ್ಟು ಬೂದಿ ಉದುರಿಸುವುದು. ವಖಾರದ ತಳದಲ್ಲಿ ಉಳಿದ ಇದ್ದಿಲ ಪುಡಿಯೂ ದಂಡವಲ್ಲ. ಅದಕ್ಕೆ ಸಗಣಿಯನ್ನೋ ಜೇಡಿಮಣ್ಣನ್ನೋ ಕಲಸಿ ಉಂಡೆ ಕಟ್ಟಿ ಒಣಗಿಸಿದರೆ ಗೋಳೆ. ಹಾಲು ಕಾಯಿಸಲು ಅದೇ ಸಾಕು.

ಸೌದೆ ಪೂರಾ ಹೋಗಿರಲಿಲ್ಲ. ಸ್ನಾನದ ನೀರಿಗೆ ತಾಮ್ರದ ಬಂಬ್ ಇತ್ತಲ್ಲ! ಅದನ್ನು ನೋಡದವರಿಗಾಗಿ ಹೇಳುತ್ತೇನೆ: ದೊಡ್ಡ ಹಂಡೆ, ಅದರ ನಡುವೆ ಕೆಳಗಿನಿಂದ ಮೇಲಿನವರೆಗೆ ಒಂದು ಕೊಳವೆ. ಬೆಂಕಿ ಕೊಳವೆಯ ಒಳಗೆ, ನೀರು ಸುತ್ತಲೂ. ತಳದಲ್ಲಿ ಜಾಲರಿ, ಪಕ್ಕದಲ್ಲಿ ನಲ್ಲಿ. ರಷ್ಯದವರ ಸಮೋವರ್ ಇದರ ಅಣ್ಣನೋ ತಮ್ಮನೋ ಆಗಬೇಕು. ನಮ್ಮೂರ ಬಚ್ಚಲ ಹಂಡೆಯಲ್ಲಿ ಬೆಂಕಿ ಹೊರಗೆ, ನೀರು ಒಳಗೆ. ಶಾಖದಲ್ಲಿ ಬಹಳಷ್ಟು ಗೋಡೆಗೆ, ಗಾಳಿಗೆ ಹೋಗುತ್ತದೆ. ಬಂಬಿನಲ್ಲಿ ಬೆಂಕಿ ಎತ್ತ ತಿರುಗಿದರೂ ನೀರೇ ಎದುರು. ಕೊಳವೆಯೇ ಚಿಮಣಿ ಆದ್ದರಿಂದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ, ಊದಬೇಕಾಗಿಲ್ಲ. ಆದರೆ ಉಣಿಸುವುದು ಮೇಲಿನಿಂದ. ಹಾಗಾಗಿ ತುಂಡು ಗೇಣಿಗಿಂತ ಉದ್ದವಿರಬಾರದು, ಕೊಳವೆಯನ್ನು ಕಂಠಮಟ್ಟ ತುಂಬಬಾರದು. ತುಂಬಿದರೆ ಗಾಳಿ ಕಟ್ಟಿ ಚಾಳಿಗೆಲ್ಲ ಹೊಗೆ, ಅಕ್ಕಪಕ್ಕದವರ ಬೈಗುಳ. ತೆಗೆದ ಬಿಸಿನೀರಿಗೆ ಬದಲಾಗಿ ತಣ್ಣೀರು ಸುರಿಯದಿದ್ದರೆ ತಾಮ್ರದ ಬೆಸುಗೆಯೇ ಬಿಟ್ಟುಹೋಗುವ ಭಯ ಬೇರೆ. ನನ್ನ ದೃಷ್ಟಿಯಲ್ಲಿ ಹಳೇ ಮುಂಬಯಿಯ ಮನೆಗಳಲ್ಲಿದ್ದ ಅತ್ಯಂತ ಜಾಣ ಸೌದೆ ಒಲೆ ಈ ಬಂಬ್. ಈಗ ಅದು ಶ್ರೀಮಂತರ ಡ್ರಾಯಿಂಗ್ ರೂಮಿನಲ್ಲಿ ಹೂದಾನಿ ಆಗಿದೆ.

ಇನ್ನೊಂದು ಭುಸ್ಸಾದ ಶೆಗಡಿ. ರೇ ರೋಡಿನ ಮರದ ಲಾಟಿಗಳ ಕಡೆಯಿಂದ ಗರಗಸದ ಹೊಟ್ಟು ಅಗ್ಗಕ್ಕೆ ಸಿಗುತ್ತಿತ್ತು. ತಗಡಿನ ಡಬ್ಬದ ತಳದ ಬದಿಯಲ್ಲಿ ಒಂದು ತೂತು. ನಡುವೆ ಬಾಟಲಿ ನಿಲ್ಲಿಸಿ, ತೂತಿನಿಂದ ಒಂದು ಕೋಲು ತೂರಿಸಿ ಬಾಟಲಿಗೆ ತಾಗಿಸಿ, ಸುತ್ತ ಹೊಟ್ಟನ್ನು ಗಟ್ಟಿಯಾಗಿ ಗುದ್ದಿ ತುಂಬಬೇಕು. ಬಾಟಲಿ, ಕೋಲು ಮೆಲ್ಲನೆ ಎಳೆದರೆ ಒಳಗೆ ಗಾಳಿಯ ದಾರಿ ತಯಾರು. ಸಡಿಲವಾಗಿ ತುಂಬಿದರೆ ಹೊಟ್ಟು ಕುಸಿದು ಹೊಗೆಯ ಗುಡಾಣ. ಸರಿಯಾಗಿ ತುಂಬಿದ್ದು ಮಾತ್ರ ಗಂಟೆಗಟ್ಟಲೆ ಒಳಗಿನಿಂದ ಹೊರಕ್ಕೆ ತಾನೇ ಉರಿಯುತ್ತದೆ, ಮಧ್ಯೆ ಏನೂ ಹಾಕುವ ಹಾಗಿಲ್ಲ. ಇಡೀ ದಿನದ ಉಣಿಸುವಿಕೆಯನ್ನು ಬೆಳಿಗ್ಗೆಯೇ ಮುಗಿಸುವ ಒಲೆ ಇದು. ಕೆಲಸಕ್ಕೆ ಹೋಗುವ ಹೆಂಗಸರಿಗೆ ಇದು ಒಗ್ಗಿದ್ದರಲ್ಲಿ ಆಶ್ಚರ್ಯವಿಲ್ಲ.

ಗ್ಯಾಸ್ ಸಿಲಿಂಡರ್ ಈ ದೇಶದಲ್ಲಿ ಮೊದಲು ಮನೆಗಳಿಗೆ ಬಂದದ್ದೇ ಮುಂಬಯಿಯಲ್ಲಿ, 1955ರಲ್ಲಿ, ಬರ್ಮಾ ಶೆಲ್ ಕಂಪನಿಯ ‘ಬರ್ಶೇನ್’ ಅನ್ನುವ ಹೆಸರಿನಲ್ಲಿ. ಆದರೆ ಚಾಳಿಗೆ ಅದು ಬರಲು ದಶಕಗಳೇ ಹಿಡಿದವು. ನಡುವಿನ ಕಾಲವೆಲ್ಲ ರಾಕೇಲಿನ ಸ್ಟೋವಿನದು, ರೇಷನ್ ಕ್ಯೂನದು. 1972ರಲ್ಲಿ ಮೃಣಾಲ್ ಗೋರೆ, ಅಹಿಲ್ಯಾ ರಂಗಣೇಕರ್ ಮುಂತಾದವರು ಬೆಲೆ ಏರಿಕೆಯ ವಿರುದ್ಧ ಹೆಂಗಸರನ್ನು ಸೇರಿಸಿದಾಗ ಸಾವಿರಾರು ಮಂದಿ ಲಟ್ಟಣಿಗೆ, ತಾಟು ಹಿಡಿದು ಬೀದಿಗೆ ಇಳಿದರು. ಮರುವರ್ಷ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದ ಮೇಲಂತೂ ಕೇಳುವುದೇ ಬೇಡ, ಮೂಲೆ ಸೇರಿದ್ದ ಶೆಗಡಿಗಳು ಮತ್ತೆ ಹೊರಬಂದವು. ಗಿರಣಗಾಂವದ ಖಾನಾವಳಿಯ ಬಾಯಿಯರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಹತ್ತಿಪ್ಪತ್ತು ಗಿರಣಿ ಕೆಲಸಗಾರರಿಗೆ ಎರಡು ಹೊತ್ತು ಬೇಯಿಸಿ ಹಾಕುವವರು, ಕಿರಾಣಿ ಅಂಗಡಿಯ ಸಾಲದಲ್ಲಿ ಮುಳುಗಿದವರು. ಪ್ರೇಮಾ ಪುರವ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಳ ಕಟ್ಟಿ ಇಂಥವರಿಗೆ ಬ್ಯಾಂಕ್ ಸಾಲ ಕೊಡಿಸಿದ್ದು ದೊಡ್ಡ ಕಥೆ, ಇನ್ನೊಮ್ಮೆ ಬರೆಯುತ್ತೇನೆ.

ನಗರ ಹೀಗೆ ಎಣ್ಣೆಯ ಕಡೆ ಹೊರಳುತ್ತಿದ್ದಾಗ ಊರಿನ ಒಲೆಯನ್ನು ತಿದ್ದುವ ಪ್ರಯತ್ನಗಳೂ ನಡೆದವು. ವಾರ್ಧಾದ ಮಗನವಾಡಿಯಲ್ಲಿ ಗಾಂಧಿವಾದಿಗಳು ಮಗನ್ ಚೂಲಾ ಮಾಡಿದರು. ಹೈದರಾಬಾದಿನ ಎಂಜಿನಿಯರ್ ಎಸ್. ಪಿ. ರಾಜು 1953ರಲ್ಲಿ ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಕವನ್ನೇ ಬರೆದರು. ಆದರೆ ಕನ್ನಡಿಗರಿಗೆ ಹೆಸರಾಗಿ ಉಳಿದದ್ದು ಅಸ್ತ್ರ ಒಲೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿ 1974ರಲ್ಲಿ ‘ಅಸ್ತ್ರ’ ಅನ್ನುವ ಕೇಂದ್ರ ಶುರುಮಾಡಿದ್ದರು, ಹಳ್ಳಿಗಳಿಗೆ ವಿಜ್ಞಾನ ಮುಟ್ಟಿಸುವುದಕ್ಕೆ. ಕುಣಿಗಲ್ ತಾಲೂಕಿನ ಉಂಗ್ರದಲ್ಲಿ ಅದರ ಶಾಖೆ. ಅವರು ಮೊದಲು ಒಲೆ ಮಾಡಲಿಲ್ಲ, ಲೆಕ್ಕ ಮಾಡಿದರು. ಸುತ್ತಿನ ಆರು ಹಳ್ಳಿಗಳಲ್ಲಿ ಯಾವ ಕೆಲಸಕ್ಕೆ ಎಷ್ಟು ಶಕ್ತಿ ಖರ್ಚಾಗುತ್ತದೆ ಅಂತ ಮನೆಮನೆಗೆ ಹೋಗಿ ಅಳೆದರು. ಎಲ್ಲಕ್ಕಿಂತ ದೊಡ್ಡ ಪಾಲು ಸೌದೆಯದು, ಆ ಸೌದೆಯಲ್ಲಿ ದೊಡ್ಡ ಪಾಲು ಅಡುಗೆಯದು ಅಂತ ಗೊತ್ತಾಯಿತು. ಆ ಸೌದೆ ಹೊರುವವರ ದೇಹದ ಲೆಕ್ಕವನ್ನು ಮುಂದುವರಿಸಿದವರು ಮುಂಬಯಿಯಿಂದ ಕೆಲಸ ಮಾಡುತ್ತಿದ್ದ ಶ್ರೀಲತಾ ಬಾಟ್ಲಿವಾಲಾ. ಇಲ್ಲಿಂದಲೇ ಹೊರಡುವ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ 1982ರಲ್ಲಿ ಅವರು ಬರೆದ ಲೇಖನದ ತಿರುಳು ಇದು: ಹಳ್ಳಿಯ ಹೆಂಗಸರ ಅಪೌಷ್ಟಿಕತೆಗೆ ಊಟ ಕಡಿಮೆ ಎನ್ನುವುದೊಂದೇ ಕಾರಣವಲ್ಲ, ಸೌದೆ, ನೀರು ಹೊತ್ತು ಅವರು ಖರ್ಚು ಮಾಡುವ ಶಕ್ತಿಯೂ ಕಾರಣ. ಹಾಗಿದ್ದರೆ ಒಳ್ಳೆಯ ಒಲೆಯೂ ಒಂದು ರೀತಿಯ ಊಟವೇ.

ಕೆ. ಎಸ್. ಜಗದೀಶ್, ಲೋಕರಸ್ ಮೊದಲಾದವರು ಎಂಬತ್ತರ ದಶಕದ ಮೊದಲಲ್ಲಿ ರೂಪಿಸಿದ ಈ ಒಲೆಯಲ್ಲಿ ಮೂರು ಪಾತ್ರೆಗೆ ಜಾಗ, ಕೊನೆಯಲ್ಲಿ ಚಿಮಣಿ. ನಮ್ಮ ಕೋಡೊಲೆಯ ಉಪಾಯವೇ, ಆದರೆ ಅಳತೆ ಹಾಕಿ ಮಾಡಿದ್ದು. ಸೌದೆ ಜಾಲರಿಯ ಮೇಲೆ ಕೂರುತ್ತದೆ, ಗಾಳಿ ಬೂದಿ ಕಿಂಡಿಯಿಂದ ಕೆಳಗಿನಿಂದ ಬರುತ್ತದೆ, ಸೌದೆ ಹಾಕುವ ಬಾಯಿಗೆ ಮುಚ್ಚಳ. ಹೊರಗಿನ ತಣ್ಣನೆ ಗಾಳಿ ಸುಮ್ಮನೆ ನುಗ್ಗಿ ಶಾಖ ಕದ್ದುಕೊಂಡು ಹೋಗುವುದು ನಿಲ್ಲುತ್ತದೆ. ಹಳೇ ಒಲೆಯ ಮೂರು ಪಟ್ಟಿನ ಆಸುಪಾಸು ದಕ್ಷತೆ ಪ್ರಯೋಗಾಲಯದಲ್ಲಿ ಸಿಕ್ಕಿತು. ಹಳ್ಳಿಯಲ್ಲಿ ಅಷ್ಟು ಅಲ್ಲದಿದ್ದರೂ ಸೌದೆ ಎದ್ದು ಕಾಣುವಷ್ಟು ಉಳಿಯಿತು, ಮುಖ್ಯವಾಗಿ ಅಡುಗೆಮನೆ ತಿಳಿಯಾಯಿತು.

ಆದರೆ ಅಸ್ತ್ರ ಒಲೆಯೂ ಉಣಿಸುವ ಕೈಯನ್ನೇ ನಂಬಿತ್ತು. ಮುಚ್ಚಳ ಮುಚ್ಚಬೇಕಾದರೆ ಸೌದೆಯನ್ನು ಗಿಡ್ಡಗಿಡ್ಡವಾಗಿ ಕಡಿಯಬೇಕು. ಉದ್ದ ಕೊಳ್ಳಿ ತೂರಿಸಿ ಮುಚ್ಚಳ ತೆರೆದಿಟ್ಟರೆ ಲಾಭವೆಲ್ಲ ಹೋಯಿತು. ಕಡಿಯುವವರು ಯಾರು? ಗಂಡಸರು ಕೊಡಲಿ ಹಿಡಿದ ಮನೆಯಲ್ಲಿ ಒಲೆ ಗೆದ್ದಿತು, ಹಿಡಿಯದ ಮನೆಯಲ್ಲಿ ಮುಚ್ಚಳ ಮೂಲೆಗೆ ಹೋಯಿತು. ಮೂರೂ ಕಣ್ಣಿಗೆ ಪಾತ್ರೆ ಇಟ್ಟಿರಬೇಕು. ಬರೀ ಚಹಾ ಕಾಯಿಸುವಾಗ ಉಳಿದ ಎರಡರ ಶಾಖ ದಂಡ. ಚಿಮಣಿಯ ಮಸಿ ಆಗಾಗ ಕೆರೆಯಬೇಕು, ಇಲ್ಲದಿದ್ದರೆ ಹೊಗೆ ವಾಪಸ್ಸು ಒಳಗೆ. ಜೋಳದ ರೊಟ್ಟಿಯನ್ನು ಒಲೆ ಬಾಯಿಯ ಕೆಂಡಕ್ಕೆ ಆನಿಸಿ ಉಬ್ಬಿಸುವ ಉತ್ತರ ಕರ್ನಾಟಕದ ಅಕ್ಕಂದಿರಿಗೆ ಮುಚ್ಚಳದ ಒಲೆ ಯಾಕೆ ಬೇಕು? ಹೊಗೆ ಇಲ್ಲದ ಮೇಲೆ ಮಾಡಿನ ಮರಕ್ಕೆ ಗೆದ್ದಲು ಬರುತ್ತದೆ ಅಂದವರೂ ಇದ್ದರು. ಅದೂ ಸುಳ್ಳಲ್ಲ.

ಕೇಂದ್ರ ಸರ್ಕಾರ 1983ರಿಂದ 2002ರವರೆಗೆ ನಡೆಸಿದ ಸುಧಾರಿತ ಒಲೆ ಯೋಜನೆಯಲ್ಲಿ ದೇಶದಾದ್ಯಂತ ಮೂರು ಕೋಟಿಗೂ ಹೆಚ್ಚು ಒಲೆ ಹಾಕಿದೆವು ಅಂತ ಲೆಕ್ಕವಿದೆ. ಎಷ್ಟು ಹಾಕಿದರು ಅನ್ನುವುದನ್ನು ಎಣಿಸಿದಷ್ಟು ಶ್ರದ್ಧೆಯಿಂದ ಎಷ್ಟು ಉರಿಯುತ್ತಿವೆ ಅನ್ನುವುದನ್ನು ಎಣಿಸಲಿಲ್ಲ. ಗುರಿ ಮುಟ್ಟಿಸುವ ಗಡಿಬಿಡಿಯಲ್ಲಿ ಮೇಸ್ತ್ರಿ ಬಂದು ಒಲೆ ಕಟ್ಟಿ ಹೋದ. ಹೇಗೆ ಸೌದೆ ಹಾಕಬೇಕು ಅಂತ ಮನೆಯಾಕೆಯ ಹತ್ತಿರ ಹದಿನೈದು ನಿಮಿಷ ಕೂತು ಮಾತಾಡಿದವರು ಕಡಿಮೆ. ಇದಕ್ಕೆ ಎದುರಾಗಿ ನಮ್ಮ ಶಿರಸಿ ಕಡೆಯ ಉದಾಹರಣೆ ಇದೆ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಮರ ಅಪ್ಪಿಕೊಂಡು ಕಡಿತ ತಡೆದ ಅಪ್ಪಿಕೋ ಚಳವಳಿ ಎಲ್ಲರಿಗೂ ಗೊತ್ತು. ಅದೇ ಚಳವಳಿಯವರು, ಪಾಂಡುರಂಗ ಹೆಗಡೆ ಮತ್ತು ಸಂಗಡಿಗರು, ಸಬ್ಸಿಡಿಗೆ ಕಾಯದೆ ಊರೂರಲ್ಲಿ ಸುಮಾರು 2000 ಸೌದೆ ಉಳಿಸುವ ಒಲೆ ಕಟ್ಟಿಸಿದ್ದು ಅಷ್ಟಾಗಿ ಗೊತ್ತಿಲ್ಲ. ನೂರಕ್ಕೆ ನಲವತ್ತರ ಹತ್ತಿರ ಸೌದೆ ಉಳಿಯಿತು ಅಂತ ಅವರ ಲೆಕ್ಕ. ಕಾಡಿಗೂ ಒಲೆಗೂ ಇರುವ ದೂರ ಅಲ್ಲಿಯ ಜನರಿಗೆ ನಾಲ್ಕು ಹೆಜ್ಜೆ. ಅದನ್ನು ಅವರಿಗೆ ಯಾರೂ ಭಾಷಣ ಮಾಡಿ ಹೇಳಬೇಕಾಗಿರಲಿಲ್ಲ.

ಹಳೇ ಒಲೆಯೇ ಚೆಂದ ಅಂತ ನಾನು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಎಷ್ಟೇ ಚೆನ್ನಾಗಿ ಉಣಿಸಿದರೂ ತೆರೆದ ಒಲೆಯ ಹೊಗೆ ಹೊಗೆಯೇ. ಕೆಮ್ಮು, ಉಬ್ಬಸ, ಕಣ್ಣಿನ ಪೊರೆ ಅದರ ಜೊತೆಗೇ ಬರುತ್ತವೆ. 2016ರಲ್ಲಿ ಉಜ್ವಲಾ ಬಂದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂತು, ಒಳ್ಳೆಯದೇ ಆಯಿತು. ಆದರೆ ಅದು ಮುಗಿದ ದಿನ, ಮುಂದಿನದಕ್ಕೆ ದುಡ್ಡಿಲ್ಲದ ದಿನ, ಸೌದೆಯ ಕಡೆಗೇ ಕೈ ಹೋಗುತ್ತದೆ. ದೂರ ಯಾಕೆ, ಇಲ್ಲೇ ಆರೇ ಕಾಲೊನಿಯ ವಾರ್ಲಿ ಪಾಡಾಗಳಿಗೆ ಹೋಗಿ. ಗೋರೆಗಾಂವ ಸ್ಟೇಷನ್ನಿನಿಂದ ಬಸ್ಸಿನಲ್ಲಿ ಸ್ವಲ್ಪವೇ ಹೊತ್ತು. ಅಲ್ಲಿ ಅಂಗಳದಲ್ಲಿ ಈಗಲೂ ಮಣ್ಣಿನ ಚೂಲಿ ಉರಿಯುತ್ತದೆ, ಬಿದ್ದ ಕೊಂಬೆಗಳನ್ನು ಸೀಳಿ ಮಾಡಿನ ಕೆಳಗೆ ಒಟ್ಟಿರುತ್ತಾರೆ. ನಮ್ಮೂರ ಕಡೆಯೂ ಅಷ್ಟೇ, ಅಡುಗೆ ಗ್ಯಾಸಿನಲ್ಲಿ, ಬಚ್ಚಲ ಹಂಡೆ ಸೌದೆಯಲ್ಲಿ. ಈಗ ಬಚ್ಚಲೊಲೆಗೆ ಯಾರೂ ಕೂತು ಉಣಿಸುವುದಿಲ್ಲ. ಒಂದು ದೊಡ್ಡ ಕುಂಟೆ ತೂರಿಸಿ ಬಂದುಬಿಡುತ್ತಾರೆ, ಅದು ಮಧ್ಯಾಹ್ನದವರೆಗೂ ಹೊಗೆಯಾಡುತ್ತ ಇರುತ್ತದೆ. ಅದೇ ಕುಂಟೆಯನ್ನು ನಾಲ್ಕು ಸೀಳು ಮಾಡಿ, ಹಂಡೆಯ ಕೆಳಗೆ ಕಬ್ಬಿಣದ ನಾಲ್ಕು ಸರಳು ಅಡ್ಡ ಇಟ್ಟು ಅದರ ಮೇಲೆ ಉರಿಸಿದರೆ ಅರ್ಧ ಸೌದೆಯಲ್ಲಿ ಮನೆಮಂದಿಯ ಸ್ನಾನ ಆಗುತ್ತದೆ. ಹೋದ ವರ್ಷ ಊರಿಗೆ ಹೋದಾಗ ಹಾಗೆ ಮಾಡಿಟ್ಟು ಬಂದಿದ್ದೇನೆ. ಸರಳು ಇನ್ನೂ ಅಲ್ಲೇ ಇದೆ, ಸೌದೆ ಸೀಳುವವರು ಸಿಗುತ್ತಿಲ್ಲ ಅಂತ ಮೊನ್ನೆ ಫೋನಿನಲ್ಲಿ ಅತ್ತಿಗೆ ಹೇಳಿದರು.